ಲೆಕ್ಕ ಮಾಡುವ ಪುಟ

ತಂತ್ರಾಂಶ ರಚನೆಯನ್ನು ಹೊಸದಾಗಿ ಕಲಿಯುವವರಿಗೆ ಕೊಡುವ ಮೊದಮೊದಲ ಅಭ್ಯಾಸಗಳಲ್ಲಿ ಕ್ಯಾಲ್ಕುಲೇಟರನ್ನು ಕಟ್ಟುವುದೂ ಒಂದು. ಜಾಲಪುಟವೊಂದರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಗುಂಡಿಗಳು. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ನಾಲ್ಕು ಗುಂಡಿಗಳು. ಒಂದು ದಶಮಾಂಶ ಬಿಂದು, ಒಂದು ಸಮಚಿಹ್ನೆ, ಉತ್ತರ ಮೂಡುವುದಕ್ಕೆ ಒಂದು ಸಣ್ಣ ಚೌಕ—ಇಷ್ಟೇ ಅದರ ಸ್ವರೂಪ. ಕಲಿಯುವವನು ಒಂದೆರಡು ದಿನಗಳ ಶ್ರಮದಿಂದ ಇದನ್ನು ಸಿದ್ಧಪಡಿಸಿ, 2 ಮತ್ತು 3ನ್ನು ಕೂಡಿ ನೋಡಿ, 5 ಎಂಬ ಉತ್ತರ ಬಂದೊಡನೆ ತನ್ನ ಕೆಲಸ ಮುಗಿಯಿತೆಂದು ಸಂತೋಷಪಡುವುದು ಸಹಜ.

ಆದರೆ ಕೆಲಸವು ಮೊದಲಾಗುವುದು ನಿಜವಾಗಿ ಅಲ್ಲಿಂದ ಮುಂದೆ. ಅದೇ ಪುಟದಲ್ಲಿ 0.1 ಮತ್ತು 0.2ನ್ನು ಕೂಡಿದರೆ 0.3ರ ಬದಲು 0.30000000000000004 ಎಂಬ ವಿಚಿತ್ರ ಉತ್ತರ ಬರಬಹುದು. 2ರ ಮೂರನೆಯ ಘಾತವನ್ನು ಕೇಳಿದರೆ 8ರ ಬದಲು 1 ಬರಬಹುದು. 1,25,000 ಎಂದು ಬರೆದು ಕೊಟ್ಟರೆ ಯಂತ್ರವು ಅದನ್ನು ಬರಿಯ 1 ಎಂದು ತಿಳಿಯಬಹುದು. ಯಂತ್ರವು ಕೆಟ್ಟಿಲ್ಲ, ವಿದ್ಯುತ್ತು ನಿಂತಿಲ್ಲ, ಎಲ್ಲವೂ ನಿಯಮದಂತೆಯೇ ನಡೆದಿದೆ. ಹೀಗಿದ್ದೂ ಉತ್ತರ ತಪ್ಪಾಗುವುದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ, ಪರದೆಯ ಮೇಲೆ ಮೂಡುವ ಅಂಕಿಗಳನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ವಿಷಯವು ಸ್ಪಷ್ಟವಾಗುವುದು.

ಪುಟದ ಮೂರು ಅಂಗಗಳು

ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು, ವಿಜ್ಞಾನಿಗಳು ತಮ್ಮ ಬರಹಗಳನ್ನು ಪರಸ್ಪರ ಓದಲು ಅನುಕೂಲವಾಗಲೆಂದು 1989ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ವಿಶ್ವವ್ಯಾಪಿ ಜಾಲದ ಆರಂಭ ಇದೇ. ಮೊದಲಿನ ಜಾಲಪುಟಗಳು ಓದುವುದಕ್ಕೆ ಮಾತ್ರ ತಕ್ಕವಾಗಿದ್ದವು. ಪುಟವೇ ಲೆಕ್ಕ ಮಾಡಬೇಕಾದರೆ ಅದರೊಳಗೆ ಯಂತ್ರಕ್ಕೆ ಆಜ್ಞೆ ಕೊಡಬಲ್ಲ ಭಾಷೆಯೊಂದು ಇರಬೇಕಷ್ಟೆ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು 1995ರ ಮೇ ತಿಂಗಳಲ್ಲಿ ಅಂತಹ ಭಾಷೆಯ ಮೊದಲ ರೂಪವನ್ನು ಕೇವಲ ಹತ್ತು ದಿನಗಳಲ್ಲಿ ರಚಿಸಿದರು. ಜಾವಾಸ್ಕ್ರಿಪ್ಟ್ ಎಂದು ಹೆಸರಾದ ಆ ಭಾಷೆಯು ಇಂದು ಎಲ್ಲ ಬ್ರೌಸರುಗಳಲ್ಲಿಯೂ ನೆಲೆಸಿದೆ.

ಆದುದರಿಂದ ನಮ್ಮ ಕ್ಯಾಲ್ಕುಲೇಟರಿಗೆ ಮೂರು ಅಂಗಗಳು. ಯಾವ ಯಾವ ಗುಂಡಿಗಳಿವೆ ಎಂಬುದನ್ನು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿಯೂ, ಅವುಗಳ ಬಣ್ಣ, ಅಳತೆ, ಜೋಡಣೆಗಳನ್ನು ಸಿಎಸ್‌ಎಸ್ ಎಂಬ ಭಾಷೆಯಲ್ಲಿಯೂ, ಗುಂಡಿಯನ್ನು ಒತ್ತಿದಾಗ ಏನಾಗಬೇಕೆಂಬುದನ್ನು ಜಾವಾಸ್ಕ್ರಿಪ್ಟಿನಲ್ಲಿಯೂ ಬರೆಯುವರು. ಪುಟವು ದೂರದ ಗಣಕದಿಂದ ಬಂದರೂ ಇಂತಹ ಸರಳ ಪುಟದ ಲೆಕ್ಕವು ನಡೆಯುವುದು ನಮ್ಮ ಕೈಯಲ್ಲಿರುವ ಯಂತ್ರದಲ್ಲಿಯೇ. ಪುಟವು ಒಮ್ಮೆ ಬಂದು ತಲುಪಿದ ಮೇಲೆ ಜಾಲದ ಸಂಪರ್ಕ ಕಡಿದುಹೋದರೂ ಕೂಡುವುದು ಕಳೆಯುವುದು ನಿಲ್ಲುವುದಿಲ್ಲ. ಮೊದಲ ಎರಡು ಅಂಗಗಳು ನೋಟಕ್ಕೆ ಸಂಬಂಧಪಟ್ಟವು. ಮೂರನೆಯದೇ ನಮ್ಮ ವಿಚಾರದ ವಸ್ತು.

ಅಂಕಿಯೂ ಸಂಖ್ಯೆಯೂ

ಗುಂಡಿಯನ್ನು ಒತ್ತಿದಾಗ ಯಂತ್ರಕ್ಕೆ ತಲುಪುವುದು ಸಂಖ್ಯೆಯಲ್ಲ, ಅಕ್ಷರ. ಪುಸ್ತಕದಲ್ಲಿ ಅಚ್ಚಾದ ‘2’ ಎಂಬ ಗುರುತಿಗೂ ಎರಡು ಎಂಬ ಪರಿಮಾಣಕ್ಕೂ ಇರುವ ಅಂತರವು ಇಲ್ಲಿಯೂ ಉಂಟು. ಈ ಅಂತರವನ್ನು ಮರೆತು ‘2’ ಮತ್ತು ‘3’ ಎಂಬ ಎರಡು ಅಕ್ಷರಗಳನ್ನು ಕೂಡೆಂದು ಹೇಳಿದರೆ, ಜಾವಾಸ್ಕ್ರಿಪ್ಟು ಅವನ್ನು ಪದಗಳಂತೆ ಪಕ್ಕಪಕ್ಕದಲ್ಲಿ ಜೋಡಿಸಿ ‘23’ ಎಂದು ಉತ್ತರ ಕೊಡುವುದು. ಅಕ್ಷರಗಳನ್ನು ಸಂಖ್ಯೆಯಾಗಿ ಮಾರ್ಪಡಿಸುವುದು ರಚನಕಾರನ ಮೊದಲ ಕರ್ತವ್ಯ.

ಈ ಮಾರ್ಪಾಟಿನಲ್ಲಿಯೂ ಎಚ್ಚರ ಬೇಕು. ಅದಕ್ಕಾಗಿ ಭಾಷೆಯಲ್ಲಿರುವ ಒಂದು ಸಾಧನವು ಎಡದಿಂದ ಓದುತ್ತಾ ಹೋಗಿ, ತನಗೆ ತಿಳಿಯದ ಗುರುತು ಬಂದೊಡನೆ ನಿಂತು, ಅದುವರೆಗೆ ಓದಿದ್ದನ್ನೇ ಸಂಖ್ಯೆಯೆಂದು ಒಪ್ಪಿಸುವುದು. 1,25,000ದಲ್ಲಿ ಮೊದಲ ಅಲ್ಪವಿರಾಮದ ಬಳಿ ಅದು ನಿಲ್ಲುವುದರಿಂದ ಒಂದು ಲಕ್ಷದ ಇಪ್ಪತ್ತೈದು ಸಾವಿರವು ಒಂದಾಗಿಬಿಡುವುದು. ಕನ್ನಡದ ‘೧೨’ ಎಂಬುದನ್ನು ಕೊಟ್ಟರೂ ಅದು ಸಂಖ್ಯೆಯೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಕನ್ನಡಿಗರಿಗಾಗಿ ಪುಟವನ್ನು ಕಟ್ಟುವವನು ಅಲ್ಪವಿರಾಮಗಳನ್ನು ತೆಗೆದುಹಾಕುವ, ೦ಯಿಂದ ೯ರವರೆಗಿನ ಅಂಕಿಗಳನ್ನು 0ಯಿಂದ 9ರವರೆಗಿನ ಅಂಕಿಗಳಾಗಿ ಬದಲಿಸುವ ಏರ್ಪಾಡನ್ನು ತಾನೇ ಮಾಡಬೇಕು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಹತ್ತು ಅಂಕಿಗಳೂ ಕ್ರಮವಾಗಿ ಒಂದರ ಪಕ್ಕದಲ್ಲೊಂದು ಇರುವುದರಿಂದ ಇದು ಕಷ್ಟದ ಕೆಲಸವೇನೂ ಅಲ್ಲ. ನೆನಪಿಟ್ಟು ಮಾಡಬೇಕಾದ ಕೆಲಸ.

ಓದುವ ಕ್ರಮ

ಸಂಖ್ಯೆಗಳು ದೊರೆತ ಮೇಲೆ ಅವುಗಳನ್ನು ಯಾವ ಕ್ರಮದಲ್ಲಿ ಕೂಡಿ ಗುಣಿಸಬೇಕೆಂಬ ಪ್ರಶ್ನೆ ಏಳುವುದು. 2 + 3 × 4 ಎಂಬುದರ ಬೆಲೆ ಎಷ್ಟು? ಶಾಲೆಯಲ್ಲಿ ಬಾಡ್‌ಮಾಸ್ ನಿಯಮವನ್ನು ಕಲಿತವರು 14 ಎನ್ನುವರು. ಅಂಗಡಿಗಳಲ್ಲಿ ಬಳಸುವ ಸಾಧಾರಣ ಕ್ಯಾಲ್ಕುಲೇಟರಿನಲ್ಲಿ ಇವೇ ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ 20 ಬರುವುದು. ಅದು ಪ್ರತಿಯೊಂದು ಕ್ರಿಯೆಯನ್ನೂ ಬಂದ ಹಾಗೆಯೇ ಮುಗಿಸಿಕೊಂಡು ಹೋಗುವುದೇ ಇದಕ್ಕೆ ಕಾರಣ. ಎರಡು ರೀತಿಗಳೂ ಬಳಕೆಯಲ್ಲಿವೆ. ಯಾವುದನ್ನು ಅನುಸರಿಸಬೇಕೆಂದು ರಚನಕಾರನು ಮೊದಲೇ ನಿರ್ಧರಿಸಬೇಕು. ಶೇಕಡಾ ಗುಂಡಿಯ ವಿಚಾರವೂ ಹೀಗೆಯೇ. 100 + 10% ಎಂದರೆ ಅಂಗಡಿಯವನಿಗೆ 110. 10% ಎಂದರೆ 0.1 ಎಂದು ಅಕ್ಷರಶಃ ತಿಳಿಯುವವನಿಗೆ 100.1.

ಹೊಸಬರು ಈ ತೊಡಕನ್ನು ತಪ್ಪಿಸಿಕೊಳ್ಳಲು ಒಂದು ಅಡ್ಡದಾರಿಯನ್ನು ಹಿಡಿಯುವುದುಂಟು. ಜಾವಾಸ್ಕ್ರಿಪ್ಟಿನಲ್ಲಿ ‘ಇವ್ಯಾಲ್’ ಎಂಬ ಆಜ್ಞೆಯಿದೆ. ಯಾವುದೇ ಬರಹವನ್ನು ಅದಕ್ಕೆ ಒಪ್ಪಿಸಿದರೆ, ಆ ಬರಹವೇ ಪ್ರೋಗ್ರಾಮು ಎಂದು ತಿಳಿದು ಅದನ್ನು ನಡೆಸಿಬಿಡುವುದು. 2 + 3 × 4ರ ಗುಣಾಕಾರ ಚಿಹ್ನೆಯನ್ನು ಆ ಭಾಷೆಯ ನಕ್ಷತ್ರಚಿಹ್ನೆಗೆ ಬದಲಿಸಿ ಕೊಟ್ಟರೆ 14 ಎಂದು ಸರಿಯಾಗಿಯೇ ಹೇಳುವುದು. ಆದರೆ ಆಗ ಪುಟದ ಮುಂದೆ ಕುಳಿತವನು ಬರೆದುದೆಲ್ಲವೂ ಜಾವಾಸ್ಕ್ರಿಪ್ಟಿನ ವ್ಯಾಕರಣಕ್ಕೆ ಒಳಪಡುವುದು. ಗಣಿತದ ವ್ಯಾಕರಣವೂ ಅದೂ ಒಂದೇ ಅಲ್ಲ. ನಾವು ಘಾತವನ್ನು ಸೂಚಿಸಲು 2^3 ಎಂದು ಬರೆಯುವೆವು. ಆ ಭಾಷೆಯಲ್ಲಿ ಅದೇ ಚಿಹ್ನೆಯ ಅರ್ಥ ಬೇರೆ: ಎರಡು ಸಂಖ್ಯೆಗಳ ದ್ವಿಮಾನ ರೂಪಗಳನ್ನು ಒಂದರ ಕೆಳಗೊಂದು ಇಟ್ಟು, ಅಂಕಿಗಳು ಭಿನ್ನವಾಗಿರುವ ಕಡೆ 1 ಎಂದೂ ಒಂದೇ ಆಗಿರುವ ಕಡೆ 0 ಎಂದೂ ಬರೆಯಬೇಕೆಂದು. ಎರಡು 10, ಮೂರು 11. ಆದುದರಿಂದ ಉತ್ತರ 01, ಅಂದರೆ 1. ಹಾಗೆಯೇ 010 ಎಂದು ಸೊನ್ನೆಯಿಂದ ಆರಂಭಿಸಿ ಬರೆದರೆ, ಹಳೆಯ ವಾಡಿಕೆಯಂತೆ ಅದನ್ನು ಎಂಟರ ಪದ್ಧತಿಯ ಸಂಖ್ಯೆಯೆಂದು ತಿಳಿದು 8 ಎಂದು ಹೇಳುವುದು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪರರು ಕಳುಹಿಸಿದ ಬರಹವನ್ನು ಪುಟವು ಹೀಗೆ ಕಣ್ಣುಮುಚ್ಚಿ ನಡೆಸುವಂತಿದ್ದರೆ, ಲೆಕ್ಕದ ವೇಷದಲ್ಲಿ ಕೇಡಿನ ಆಜ್ಞೆಯೂ ಒಳಗೆ ಬರಬಹುದು.

ರೈಲು ನಿಲ್ದಾಣದ ಉಪಾಯ

ಹಾಗಾದರೆ ಸರಿಯಾದ ದಾರಿ ಯಾವುದು? ಅದನ್ನು 1961ರಲ್ಲಿಯೇ ತೋರಿಸಿಕೊಟ್ಟವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು. ಆಲ್ಗಾಲ್ ಎಂಬ ಭಾಷೆಯನ್ನು ಯಂತ್ರಕ್ಕೆ ಅರ್ಥಮಾಡಿಸುವ ಕಾರ್ಯದಲ್ಲಿ ತೊಡಗಿದ್ದ ಅವರು ರೈಲು ನಿಲ್ದಾಣದ ಶಂಟಿಂಗನ್ನು ಹೋಲುವ ಒಂದು ಉಪಾಯವನ್ನು ಕಂಡುಕೊಂಡರು.

ನೇರವಾಗಿ ಸಾಗುವ ಒಂದು ಹಳಿಯನ್ನೂ, ಅದರಿಂದ ಕವಲೊಡೆದು ಒಂದೇ ಕಡೆ ತೆರೆದಿರುವ ಪಕ್ಕದ ಹಳಿಯನ್ನೂ ಕಲ್ಪಿಸಿಕೊಳ್ಳೋಣ. ಪಕ್ಕದ ಹಳಿಗೆ ಕೊನೆಯಲ್ಲಿ ಹೋದ ಗಾಡಿಯೇ ಮೊದಲು ಹೊರಗೆ ಬರಬೇಕು. ಲೆಕ್ಕದ ಸಂಖ್ಯೆಗಳೂ ಚಿಹ್ನೆಗಳೂ ಒಂದೊಂದಾಗಿ ಬರುತ್ತಿವೆ ಎಂದುಕೊಳ್ಳೋಣ. ಸಂಖ್ಯೆಯಾದರೆ ನೇರವಾಗಿ ಮುಂದೆ ಸಾಗುವುದು. ಚಿಹ್ನೆಯಾದರೆ ಪಕ್ಕದ ಹಳಿಗೆ ತಿರುಗುವುದು. ಆದರೆ ಅಲ್ಲಿ ಬಾಗಿಲ ಬಳಿ ನಿಂತಿರುವ ಚಿಹ್ನೆಯು ತನಗಿಂತ ಹೆಚ್ಚಿನ ಅಥವಾ ತನಗೆ ಸಮನಾದ ಆದ್ಯತೆಯುಳ್ಳದ್ದಾಗಿದ್ದರೆ ಅದನ್ನು ಮೊದಲು ಮುಂದಕ್ಕೆ ಕಳುಹಿಸಬೇಕು.

2 + 3 × 4ನ್ನು ಹೀಗೆ ಸಾಗಿಸಿ ನೋಡೋಣ. 2 ಮುಂದೆ ಹೋಯಿತು. + ಪಕ್ಕದ ಹಳಿಗೆ ಸೇರಿತು. 3 ಮುಂದೆ ಹೋಯಿತು. × ಬಂದಿತು, ಅಲ್ಲಿ ನಿಂತಿರುವ +ಗೆ ಆದ್ಯತೆ ಕಡಮೆಯಾದುದರಿಂದ ಅದನ್ನು ಕದಲಿಸದೆ ತಾನೂ ಅದರ ಹಿಂದೆ ಪಕ್ಕದ ಹಳಿಗೆ ಸೇರಿತು. 4 ಮುಂದೆ ಹೋಯಿತು. ಇನ್ನು ಬರುವುದೇನೂ ಇಲ್ಲವಾದುದರಿಂದ ಪಕ್ಕದ ಹಳಿಯನ್ನು ಖಾಲಿಮಾಡಬೇಕು: ಮೊದಲು ×, ಅನಂತರ +. ಮುಂದಿನ ನಿಲ್ದಾಣವನ್ನು ಮುಟ್ಟಿದ ಸಾಲು ಇದು: 2 3 4 × +.

ಈ ಸಾಲಿನಲ್ಲಿ ಆವರಣಗಳಿಲ್ಲ, ಆದ್ಯತೆಯ ಜಿಜ್ಞಾಸೆಯಿಲ್ಲ. ಎಡದಿಂದ ಓದುತ್ತಾ ಚಿಹ್ನೆ ಬಂದಾಗಲೆಲ್ಲ ಅದರ ಹಿಂದಿನ ಎರಡು ಸಂಖ್ಯೆಗಳ ಮೇಲೆ ಕ್ರಿಯೆ ನಡೆಸಿದರಾಯಿತು. ×ಗೆ 3 ಮತ್ತು 4 ದೊರೆತು 12 ಆಗುವುದು. +ಗೆ 2 ಮತ್ತು 12 ದೊರೆತು 14 ಆಗುವುದು. (2 + 3) × 4 ಎಂಬಲ್ಲಿ, ಮುಚ್ಚುವ ಆವರಣವು ಬಂದೊಡನೆ ತೆರೆದ ಆವರಣದವರೆಗಿನ ಚಿಹ್ನೆಗಳು ಹೊರಬೀಳಬೇಕೆಂಬ ಇನ್ನೊಂದು ನಿಯಮವನ್ನು ಸೇರಿಸಿದರೆ, 2 3 + 4 × ಎಂಬ ಸಾಲು ಬಂದು ಉತ್ತರ 20 ಆಗುವುದು. ‘ಸಮನಾದ ಆದ್ಯತೆ’ ಎಂಬ ಮಾತನ್ನು ಏಕೆ ಸೇರಿಸಿದೆವೆಂಬುದು 10 − 4 − 3 ಎಂಬ ಲೆಕ್ಕದಿಂದ ತಿಳಿಯುವುದು. ಆ ಮಾತನ್ನು ಬಿಟ್ಟರೆ ಯಂತ್ರವು ಮೊದಲು 4ರಿಂದ 3ನ್ನು ಕಳೆದು, 10ರಿಂದ 1ನ್ನು ಕಳೆದು, 3ರ ಬದಲು 9 ಎಂದು ಹೇಳುವುದು. ನಿಯಮದ ಒಂದು ಪದವನ್ನು ಬಿಟ್ಟರೆ ಉತ್ತರವು ಮೂರು ಪಟ್ಟಾಗುತ್ತದೆ!

ಚಿಹ್ನೆಗಳನ್ನು ಸಂಖ್ಯೆಗಳ ನಡುವೆ ಇಡದಿದ್ದರೆ ಆವರಣಗಳು ಬೇಕಿಲ್ಲವೆಂಬುದನ್ನು 1924ರಲ್ಲಿ ಕಂಡವರು ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೆವಿಚ್ ಅವರು. ಅವರು ಚಿಹ್ನೆಯನ್ನು ಮೊದಲು ಬರೆದರು. ಮೇಲಿನ ಸಾಲಿನಲ್ಲಿ ಅದು ಕೊನೆಗೆ ಬರುವುದರಿಂದ ಇದಕ್ಕೆ ವಿಲೋಮ ಪೋಲಿಷ್ ಪದ್ಧತಿ ಎಂಬ ಹೆಸರು ಬಂದಿದೆ. ತರ್ಕಶಾಸ್ತ್ರದ ಈ ವಿಚಾರವು ಮುಂದೆ ಜನರ ಜೇಬನ್ನೂ ಸೇರಿತು. 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಹೊರತಂದ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರು ಈ ಪದ್ಧತಿಯಿಂದಲೇ ಲೆಕ್ಕ ಮಾಡುತ್ತಿತ್ತು.

ಹತ್ತು ಪೈಸೆಯ ತೊಡಕು

ಓದುವ ಕ್ರಮವನ್ನು ಸರಿಪಡಿಸಿದ ಮೇಲೆಯೂ 0.1 + 0.2ರ ಸಮಸ್ಯೆ ಹಾಗೆಯೇ ಉಳಿದಿದೆ. ಇದರ ಮೂಲವು ಪ್ರೋಗ್ರಾಮಿನಲ್ಲಿಲ್ಲ. ಸಂಖ್ಯೆಯನ್ನು ಯಂತ್ರವು ಹಿಡಿದಿಡುವ ರೀತಿಯಲ್ಲಿದೆ.

ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.3333… ಎಂದು ಕೊನೆಯಿಲ್ಲದೆ ಸಾಗುವುದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಎಲ್ಲಿಯಾದರೂ ನಿಲ್ಲಿಸಿ ಮೂರರಿಂದ ಗುಣಿಸಿದರೆ 0.9999 ಬರುವುದೇ ಹೊರತು ಪೂರ್ಣ 1 ಬರುವುದಿಲ್ಲ. ಇದು ಮೂರನೆಯ ಒಂದು ಭಾಗದ ದೋಷವಲ್ಲ. ಹತ್ತರ ಪದ್ಧತಿಯಲ್ಲಿ ಅದಕ್ಕೆ ಸ್ಥಳವಿಲ್ಲ, ಅಷ್ಟೆ. ಗಣಕಯಂತ್ರವು ಎರಡರ ಪದ್ಧತಿಯಲ್ಲಿ ಲೆಕ್ಕ ಮಾಡುವುದು. ಅದರಲ್ಲಿ ಬಿಂದುವಿನ ಬಲಕ್ಕಿರುವ ಸ್ಥಾನಗಳ ಬೆಲೆ ಅರ್ಧ, ಕಾಲು, ಎಂಟನೆಯ ಒಂದು, ಹದಿನಾರನೆಯ ಒಂದು—ಹೀಗೆ. ಇವುಗಳನ್ನು ಕೂಡಿ ಹತ್ತನೆಯ ಒಂದು ಭಾಗವನ್ನು ಮಾಡಬಹುದೇ?

ಪರೀಕ್ಷಿಸುವ ಕ್ರಮ ಸುಲಭ. 0.1ನ್ನು ಎರಡರಿಂದ ಗುಣಿಸುತ್ತಾ ಹೋಗಿ, ಬಿಂದುವಿನ ಎಡಕ್ಕೆ ಬಂದ ಅಂಕಿಯನ್ನು ಬರೆದಿಟ್ಟುಕೊಂಡು ಉಳಿದ ಭಾಗವನ್ನು ಮತ್ತೆ ಗುಣಿಸಬೇಕು. 0.2, 0.4, 0.8, 1.6, ಇಲ್ಲಿಗೆ ದೊರೆತ ಅಂಕಿಗಳು 0, 0, 0, 1. ಉಳಿದ 0.6ನ್ನು ಗುಣಿಸಿದರೆ 1.2, ಅಂಕಿ 1, ಉಳಿದುದು 0.2. ಆದರೆ 0.2ನ್ನು ನಾವು ಆಗಲೇ ಕಂಡಿದ್ದೇವೆ; ಇನ್ನು ಮುಂದೆ ಅದೇ ಸುತ್ತು ತಿರುಗುವುದು. ಎರಡರ ಪದ್ಧತಿಯಲ್ಲಿ 0.1 ಎಂಬುದು 0.000110011001100… ಎಂಬ ಕೊನೆಯಿಲ್ಲದ ಆವರ್ತ ಸಂಖ್ಯೆ!

ಯಂತ್ರದ ಸ್ಮೃತಿಗೆ ಕೊನೆಯಿದೆ. ಕೆನಡಾದ ಗಣಿತಜ್ಞ ವಿಲಿಯಂ ಕಹಾನ್ ಅವರು ಪ್ರಮುಖರಾಗಿ ದುಡಿದು ರೂಪಿಸಿದ, 1985ರಲ್ಲಿ ಸ್ವೀಕೃತವಾದ ಐಇಇಇ 754 ಎಂಬ ಮಾನಕದಂತೆ ಒಂದು ಸಂಖ್ಯೆಗೆ 64 ದ್ವಿಮಾನ ಸ್ಥಾನಗಳು. ಚಿಹ್ನೆ ಮತ್ತು ಘಾತಗಳಿಗೆ ಸಲ್ಲುವುದನ್ನು ಬಿಟ್ಟು ಸಂಖ್ಯೆಯ ನಿಖರತೆಗೆ ದೊರೆಯುವುದು 53 ಅಂಕಿಗಳು. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳೆಲ್ಲವೂ ಈ ಬಗೆಯವೇ. ಆವರ್ತ ಸಂಖ್ಯೆಯನ್ನು ಅಲ್ಲಿಗೆ ಕತ್ತರಿಸಿ ಸಮೀಪದ ಬೆಲೆಗೆ ಹೊಂದಿಸಿದಾಗ, 0.1ರ ಹೆಸರಿನಲ್ಲಿ ನಿಲ್ಲುವುದು 0.1000000000000000055… ಎಂಬ ಸಂಖ್ಯೆ. 0.2 ಸಹ ಅಷ್ಟೇ ಸ್ವಲ್ಪ ಹೆಚ್ಚಾಗಿರುವುದು. 0.3 ಎಂಬುದಾದರೋ ನಿಜಕ್ಕಿಂತ ಸ್ವಲ್ಪ ಕಡಮೆಯಾಗಿ ನಿಲ್ಲುವುದು. ಎರಡು ಹೆಚ್ಚುಗಳು ಕೂಡಿ ಒಂದು ಕಡಮೆಯನ್ನು ಸಂಧಿಸುವುದಿಲ್ಲ. ಆದುದರಿಂದಲೇ ಕೊನೆಯಲ್ಲಿ ಆ 4 ತಲೆಯೆತ್ತುವುದು.

ನಮ್ಮ ಹಳೆಯ ನಾಣ್ಯಪದ್ಧತಿಯನ್ನು ಇಲ್ಲಿ ನೆನೆಯುವುದು ಉಚಿತ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯಗಳು ಬರುವವರೆಗೆ ರೂಪಾಯಿಗೆ ಹದಿನಾರು ಆಣೆಗಳಿದ್ದವು. ಒಂದು ಆಣೆಯೆಂದರೆ ರೂಪಾಯಿಯ ಹದಿನಾರನೆಯ ಒಂದು ಭಾಗ. ಎರಡರ ಪದ್ಧತಿಯಲ್ಲಿ ಅದು ಲೋಪವಿಲ್ಲದ 0.0001. ಹಿಂದಿನ ಮಕ್ಕಳು ಮಗ್ಗಿಯಲ್ಲಿ ಕಲಿಯುತ್ತಿದ್ದ ಕಾಲು, ಅರೆ, ಮುಕ್ಕಾಲು, ವೀಸಗಳೆಲ್ಲವೂ ಗಣಕಯಂತ್ರಕ್ಕೆ ಅತ್ಯಂತ ಹಿತವಾದ ಭಿನ್ನರಾಶಿಗಳು. ನೂರು ಪೈಸೆಯ ರೂಪಾಯಿ ಮನುಷ್ಯನಿಗೆ ಸುಲಭವಾಯಿತು, ಯಂತ್ರಕ್ಕೆ ಕಠಿನವಾಯಿತು. ಒಂದರಿಂದ ತೊಂಬತ್ತೊಂಬತ್ತರವರೆಗಿನ ಪೈಸೆಗಳನ್ನು ರೂಪಾಯಿಯ ಭಾಗವಾಗಿ ಬರೆದರೆ, 25, 50, 75 ಎಂಬ ಮೂರನ್ನು ಮಾತ್ರ ಯಂತ್ರವು ಪೂರ್ಣವಾಗಿ ಹಿಡಿಯಬಲ್ಲದು. ಉಳಿದ ತೊಂಬತ್ತಾರೂ ಅಂದಾಜಿನವೇ.

ಸಣ್ಣ ದೋಷ, ದೊಡ್ಡ ಫಲ

ದಶಮಾಂಶದ ಹದಿನೇಳನೆಯ ಸ್ಥಾನದಲ್ಲಿ ಬರುವ ಈ ಅಲ್ಪ ದೋಷದಿಂದ ಯಾರಿಗೆ ಏನು ಕೆಟ್ಟೀತು ಎಂದು ಕೇಳಬಹುದು. ಒಂದು ಲೆಕ್ಕದಲ್ಲಿ ಏನೂ ಕೆಡದು. ಆದರೆ ದೋಷಗಳು ಒಂದರ ಮೇಲೊಂದು ಸೇರುವಾಗ ಪರಿಸ್ಥಿತಿ ಬೇರೆಯಾಗುವುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನಿನಲ್ಲಿ ನಡೆದ ದುರಂತವು ಇದಕ್ಕೆ ಸಾಕ್ಷಿ. ಕೊಲ್ಲಿ ಯುದ್ಧದ ಆ ದಿನಗಳಲ್ಲಿ ಅಲ್ಲಿ ಶತ್ರುಕ್ಷಿಪಣಿಗಳನ್ನು ಹೊಡೆದುರುಳಿಸಲು ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯನ್ನು ನಿಲ್ಲಿಸಿದ್ದರು. ಅದರ ಗಣಕವು ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಎಣಿಸಿ, ಸೆಕೆಂಡುಗಳನ್ನು ಪಡೆಯಲು ಆ ಎಣಿಕೆಯನ್ನು 0.1ರಿಂದ ಗುಣಿಸುತ್ತಿತ್ತು. ಈ 0.1 ಇದ್ದುದು ಕೇವಲ 24 ದ್ವಿಮಾನ ಸ್ಥಾನಗಳಲ್ಲಿ. ಕತ್ತರಿಸಿದ್ದರಿಂದ ಉಂಟಾದ ಕೊರತೆ ಸುಮಾರು 0.000000095. ಯಂತ್ರವು ಸುಮಾರು ನೂರು ಗಂಟೆಗಳ ಕಾಲ ನಿಲ್ಲದೆ ನಡೆದಿತ್ತು. ನೂರು ಗಂಟೆಗಳಲ್ಲಿ ಸೆಕೆಂಡಿನ ಹತ್ತನೆಯ ಭಾಗಗಳು 36 ಲಕ್ಷ; ಅದನ್ನು ಮೇಲಿನ ಕೊರತೆಯಿಂದ ಗುಣಿಸಿದರೆ 0.34 ಸೆಕೆಂಡು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ವೇಗವಾಗಿ ಬರುತ್ತಿದ್ದ ಸ್ಕಡ್ ಕ್ಷಿಪಣಿಯು ಅಷ್ಟರಲ್ಲಿ ಅರ್ಧ ಕಿಲೋಮೀಟರಿಗೂ ಮಿಕ್ಕಿ ಚಲಿಸುವುದು. ಪೇಟ್ರಿಯಟ್ ಅದನ್ನು ಹುಡುಕಿದ್ದು ಅದು ಇಲ್ಲದ ಸ್ಥಳದಲ್ಲಿ. ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಕ್ಷಿಪಣಿ ಬಿದ್ದು 28 ಜನರು ಮಡಿದರು. ತಿದ್ದಿದ ತಂತ್ರಾಂಶವು ದಹ್ರಾನನ್ನು ತಲುಪಿದ್ದು ಮರುದಿನ.

ನಮ್ಮ ಕ್ಯಾಲ್ಕುಲೇಟರಿಗೂ ಯುದ್ಧದ ಯಂತ್ರಕ್ಕೂ ಹೋಲಿಕೆಯೇ ಇಲ್ಲವೆಂದು ತೋರಬಹುದು. ಆದರೆ 0.1ರ ಕಥೆ ಎರಡರಲ್ಲಿಯೂ ಒಂದೇ.

ಸೊನ್ನೆಯ ಮುಂದೆ

ಇನ್ನು ಉತ್ತರವೇ ಇಲ್ಲದ ಲೆಕ್ಕಗಳ ಮಾತು. 1ನ್ನು 0ಯಿಂದ ಭಾಗಿಸಿದರೆ ಏನು? ಈ ಪ್ರಶ್ನೆ ನಮ್ಮ ನಾಡಿನ ಗಣಿತಕ್ಕೆ ಹೊಸತಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂದನು. 12ನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು ‘ಖಹರ’ವೆಂದು ಕರೆದು ಅನಂತರಾಶಿಯೆಂದು ಎಣಿಸಿದನು. ಇಂದಿನ ಗಣಿತವಾದರೋ ಅಂತಹ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ನಿಲ್ಲಿಸುವುದು.

ಐಇಇಇ ಮಾನಕವು ಭಾಸ್ಕರನ ದಾರಿಗೆ ಸಮೀಪವಾಗಿರುವುದು ಸ್ವಾರಸ್ಯಕರ. 1 ÷ 0 ಎಂಬುದಕ್ಕೆ ಜಾವಾಸ್ಕ್ರಿಪ್ಟು ‘ಇನ್‌ಫಿನಿಟಿ’, ಅಂದರೆ ಅನಂತ ಎಂದು ಹೇಳುವುದು. 0 ÷ 0 ಎಂಬುದಕ್ಕೆ ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’ ಎಂದು ಹೇಳುವುದು. ದೀರ್ಘವಾದ ಲೆಕ್ಕವು ನಡುವೆ ನಿಂತುಹೋಗಬಾರದೆಂಬುದು ಇದರ ಉದ್ದೇಶ. ಆದರೆ ಪುಟವನ್ನು ಬಳಸುವ ಬಾಲಕನಿಗೆ ‘ನ್ಯಾನ್’ ಎಂಬ ಉತ್ತರದಿಂದ ಏನು ತಿಳಿದೀತು? ‘ಸೊನ್ನೆಯಿಂದ ಭಾಗಿಸಲಾಗದು’ ಎಂದು ಅವನ ಭಾಷೆಯಲ್ಲಿ ಹೇಳುವುದು ರಚನಕಾರನ ಕೆಲಸ.

ಹಾಗೆ ಹೇಳಹೊರಟಾಗಲೂ ಒಂದು ತೊಡಕು ಕಾದಿದೆ. 1 ÷ (0.3 − 0.1 − 0.2) ಎಂಬಲ್ಲಿ ಛೇದವು ಸೊನ್ನೆಯೆಂದು ನಮಗೆ ಗೊತ್ತು; ಯಂತ್ರಕ್ಕೆ ಗೊತ್ತಿಲ್ಲ. ಮೇಲೆ ವಿವರಿಸಿದ ಸೂಕ್ಷ್ಮ ದೋಷಗಳ ದೆಸೆಯಿಂದ ಅದರ ಕೈಯಲ್ಲಿ ಸೊನ್ನೆಗಿಂತ ಅತ್ಯಲ್ಪ ಕಡಮೆಯಾದ ಒಂದು ಋಣಸಂಖ್ಯೆ ಉಳಿದಿರುವುದು. ಅದರಿಂದ ಭಾಗಿಸಿದಾಗ ಬರುವ ಉತ್ತರ ಋಣ 36028797018963970. ಸುಮಾರು 360 ಕೋಟಿ ಕೋಟಿ! ಉತ್ತರವೇ ಇಲ್ಲದ ಪ್ರಶ್ನೆಗೆ ಯಂತ್ರವು ಯಾವ ಅಳುಕೂ ಇಲ್ಲದೆ ಹದಿನೇಳು ಅಂಕಿಗಳ ಉತ್ತರವನ್ನು ಕೊಟ್ಟಿತು.

ರಚನಕಾರನ ಹೊಣೆ

ಈ ತೊಡಕುಗಳಿಗೆ ಪರಿಹಾರವಿಲ್ಲದಿಲ್ಲ. ಮೊದಲನೆಯ ಉಪಾಯ, ಉತ್ತರವನ್ನು ತೋರಿಸುವಾಗ ಹನ್ನೆರಡು ಸಾರ್ಥಕ ಅಂಕಿಗಳಿಗೆ ಸರಿಹೊಂದಿಸುವುದು. 0.30000000000000004 ಆಗ 0.3 ಎಂದು ಕಾಣುವುದು. ಇದು ದೋಷವನ್ನು ಮರೆಮಾಡುವುದೇ ಹೊರತು ನಿವಾರಿಸುವುದಿಲ್ಲ. ಸರಿಹೊಂದಿಸುವುದರಲ್ಲಿಯೂ ಮೋಸ ಹೋಗಬಹುದು: 1.005ನ್ನು ಎರಡು ದಶಮಾಂಶಗಳಿಗೆ ಇಳಿಸಿದರೆ 1.01 ಬರಬೇಕಾದ ಕಡೆ 1.00 ಬರುವುದುಂಟು. ಯಂತ್ರದೊಳಗೆ 1.005 ಎಂಬುದು ನಿಜಕ್ಕಿಂತ ಕೂದಲೆಳೆಯಷ್ಟು ಕಡಮೆಯಾಗಿ ನಿಂತಿರುವುದೇ ಕಾರಣ.

ಹಣದ ಲೆಕ್ಕಕ್ಕೆ ಇದಕ್ಕಿಂತ ಉತ್ತಮವಾದ ಉಪಾಯವುಂಟು. ರೂಪಾಯಿಯ ಬದಲು ಪೈಸೆಗಳಲ್ಲಿಯೇ ಎಣಿಸಿದರೆ 10 ಮತ್ತು 20 ಕೂಡಿ ಲೋಪವಿಲ್ಲದೆ 30 ಆಗುವುದು. ಪೂರ್ಣಾಂಕಗಳನ್ನು ಯಂತ್ರವು 9007199254740992ರವರೆಗೆ, ಅಂದರೆ ಸುಮಾರು 90 ಕೋಟಿ ಕೋಟಿಯವರೆಗೆ, ಒಂದನ್ನೂ ಬಿಡದೆ ಹಿಡಿಯಬಲ್ಲದು. ಅದನ್ನು ಮೀರಿದ ಪೂರ್ಣಾಂಕಗಳಿಗಾಗಿ ‘ಬಿಗ್‌ಇಂಟ್’ ಎಂಬ ಬೇರೊಂದು ಬಗೆಯ ಸಂಖ್ಯೆಯು 2020ರಲ್ಲಿ ಜಾವಾಸ್ಕ್ರಿಪ್ಟಿನ ಮಾನಕಕ್ಕೆ ಸೇರಿತು.

ಇನ್ನೂ ಮುಂದೆ ಹೋದವರೂ ಇದ್ದಾರೆ. 10ರ ನೂರನೆಯ ಘಾತಕ್ಕೆ 1ನ್ನು ಕೂಡಿಸಿ, ಮತ್ತೆ 10ರ ನೂರನೆಯ ಘಾತವನ್ನು ಕಳೆದರೆ 1 ಉಳಿಯಬೇಕಷ್ಟೆ. 53 ಸ್ಥಾನಗಳ ಪದ್ಧತಿಯಲ್ಲಿ ಆ 1 ಸಾಗರಕ್ಕೆ ಬಿದ್ದ ಹನಿಯಂತೆ ಮಾಯವಾಗಿ ಉತ್ತರ 0 ಬರುವುದು. ಆಂಡ್ರಾಯ್ಡ್ ಫೋನುಗಳ ಕ್ಯಾಲ್ಕುಲೇಟರಿಗಾಗಿ ಗೂಗಲ್ ಸಂಸ್ಥೆಯ ಹಾನ್ಸ್ ಬೋಮ್ ಅವರು ಬೇರೊಂದು ದಾರಿ ಹಿಡಿದು, 2017ರಲ್ಲಿ ಅದನ್ನು ವಿವರಿಸಿ ಲೇಖನವನ್ನೂ ಬರೆದರು. ಅವರ ಪದ್ಧತಿಯಲ್ಲಿ ಸಂಖ್ಯೆಯೆಂದರೆ ಬರೆದಿಟ್ಟ ಅಂಕಿಗಳ ಸಾಲಲ್ಲ. ಎಷ್ಟು ಅಂಕಿಗಳನ್ನು ಕೇಳಿದರೂ ಅಷ್ಟನ್ನು ಕಂಡುಹಿಡಿದು ಕೊಡಬಲ್ಲ ಒಂದು ವಿಧಾನ. ಭಿನ್ನರಾಶಿಯಾಗಿ ಬರೆಯಬಹುದಾದುದನ್ನು ಭಿನ್ನರಾಶಿಯಾಗಿಯೇ ಉಳಿಸಿಕೊಳ್ಳುವರು. ನೋಡುವವನು ಉತ್ತರವನ್ನು ಬೆರಳಿನಿಂದ ಸರಿಸುತ್ತಾ ಹೋದಂತೆ ಮುಂದಿನ ಅಂಕಿಗಳು ಹುಟ್ಟುತ್ತಾ ಬರುವುವು. ಕೂಡುವ ಕಳೆಯುವ ಒಂದು ಸಾಧನವನ್ನು ಸರಿಯಾಗಿ ಕಟ್ಟುವುದಕ್ಕೆ ಎಷ್ಟು ಆಳವಾದ ಗಣಿತ ಬೇಕಾಯಿತೆಂಬುದು ಗಮನಾರ್ಹ.

ಹೊಸದಾಗಿ ಪುಟವನ್ನು ಕಟ್ಟುವ ವಿದ್ಯಾರ್ಥಿಯು ಇಷ್ಟು ದೂರ ಹೋಗಬೇಕಾಗಿಲ್ಲ. ಆದರೆ ಕೆಲವು ಪರೀಕ್ಷೆಗಳನ್ನು ಬಿಡಕೂಡದು. 2 + 3 × 4, 10 − 4 − 3, (2 + 3) × 4 ಇವುಗಳಿಗೆ ತಾನು ನಿರ್ಧರಿಸಿದ ಉತ್ತರವೇ ಬರುವುದೇ? ಒಂದೇ ಸಂಖ್ಯೆಯಲ್ಲಿ ಎರಡು ಬಿಂದುಗಳನ್ನು ಒತ್ತಿದರೆ ಏನಾಗುವುದು? ಆವರಣವನ್ನು ತೆರೆದು ಮುಚ್ಚದೆ ಬಿಟ್ಟರೆ? 0.1 + 0.2, 1 ÷ 0, 1,25,000 ಇವುಗಳನ್ನು ಕೊಟ್ಟರೆ? ಸರಿಯಾದ ಉತ್ತರ ಕೊಡಲಾಗದ ಕಡೆಗಳಲ್ಲಿ ತಪ್ಪು ಉತ್ತರವನ್ನು ಕೊಡುವುದಕ್ಕಿಂತ ‘ತಿಳಿಯಲಿಲ್ಲ’ ಎಂದು ಹೇಳಿ ಸುಮ್ಮನಾಗುವ ಪುಟವೇ ಮೇಲು.

ಪುಟವನ್ನು ಬಳಸುವವರಿಗೂ ಒಂದು ಹೊಣೆಯಿದೆ. ನಮ್ಮ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಸರಳಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದುಂಟು. ಒಂದು ಮೀಟರು ಉದ್ದದ ಲೋಲಕವು ಇಪ್ಪತ್ತು ಆಂದೋಲನಗಳಿಗೆ 40.2 ಸೆಕೆಂಡು ತೆಗೆದುಕೊಂಡಿತೆನ್ನೋಣ. ಕ್ಯಾಲ್ಕುಲೇಟರು ಇದರಿಂದ 9.77164 ಎಂದು ಆರಂಭವಾಗುವ ಉದ್ದನೆಯ ಸಾಲನ್ನು ಒಪ್ಪಿಸುವುದು. ಆದರೆ ಗಡಿಯಾರವನ್ನು ಒತ್ತುವ ಬೆರಳು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡೆದರೂ ಕಾಲದಲ್ಲಿ ಶೇಕಡಾ ಅರ್ಧದಷ್ಟು, ಫಲಿತಾಂಶದಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸವಾಗುವುದು. ಹಾಗಾದರೆ ನಾವು ನಿಜವಾಗಿ ಕಂಡುಹಿಡಿದದ್ದು 9.8 ಮಾತ್ರ, ಅದರಾಚೆಯ ಅಂಕಿಗಳು ಯಂತ್ರದವು, ಲೋಲಕದವಲ್ಲ.

ವಾಚಕರು ತಮ್ಮ ಬಳಿಯಿರುವ ಫೋನಿನಲ್ಲಿಯೂ ಜಾಲದ ಕ್ಯಾಲ್ಕುಲೇಟರುಗಳಲ್ಲಿಯೂ ಮೇಲಿನ ಲೆಕ್ಕಗಳನ್ನು ಮಾಡಿ ಹೋಲಿಸಿ ನೋಡಬಹುದು. ಉತ್ತರಗಳು ಒಂದರಂತೆ ಒಂದು ಇಲ್ಲದಿದ್ದರೆ ಬೆರಗಾಗಬೇಕಾದುದಿಲ್ಲ. ಪ್ರತಿಯೊಂದು ಉತ್ತರದ ಹಿಂದೆಯೂ ಯಾರೋ ಒಬ್ಬ ರಚನಕಾರನು ಮಾಡಿದ, ಅಥವಾ ಮಾಡಲು ಮರೆತ, ಒಂದು ನಿರ್ಧಾರವಿರುತ್ತದೆ. ಅದು ಯಾವುದೆಂದು ಊಹಿಸಲು ಕಲಿತವನು ಯಂತ್ರವನ್ನು ಬಳಸಲು ಅರ್ಹನಾದನೆಂದು ಹೇಳಬಹುದು.